ಎರಡು ಸಲ ಮಾತ್ರ ಕೇಳಿಸುತ್ತಾರೆ

ಕಿವಿಯ ಅಚ್ಚು ತೆಗೆಯುವುದು ನನ್ನ ಕೆಲಸ.
ಗುಲಾಬಿ ಬಣ್ಣದ ಮೆತ್ತನೆ ಕಣಕ
ಸಿರಿಂಜಿನಲ್ಲಿ ತುಂಬಿ, ಕಿವಿಯೊಳಗೆ ನಿಧಾನಕ್ಕೆ ಒತ್ತಿ,
"ಐದು ನಿಮಿಷ, ದವಡೆ ಅಲುಗಿಸಬೇಡಿ" ಅನ್ನುತ್ತೇನೆ.
ಹೊರಬರುವುದು ಒಂದೊಂದೂ ಒಂದೊಂದು ಆಕಾರ,
ಗೋಡಂಬಿಯಂತೆ, ಮುದುಡಿದ ಬಸವನಹುಳುವಿನಂತೆ.
ಹನ್ನೊಂದು ವರ್ಷ. ಒಂದೇ ಥರದ ಎರಡು ಕಿವಿ ಕಂಡಿಲ್ಲ,
ಒಂದೇ ತಲೆಯಲ್ಲೂ.

ಅಂಥ ನಾನು
ಕೇಳುವ ಪರೀಕ್ಷೆಯಲ್ಲಿ ಫೇಲು.
ಓದಿನಲ್ಲಿ ಎಪ್ಪತ್ತೊಂದು, ಬರವಣಿಗೆ ಅರವತ್ತಾರು,
ಮಾತಿನಲ್ಲಿ ಹೇಗೋ ದಾಟಿದೆ.
ಕೇಳುವುದರಲ್ಲಿ ಐವತ್ತನಾಲ್ಕು. ಬೇಕಾದ್ದು ಅರವತ್ತು.
ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಹೆಂಗಸು
ಎಷ್ಟನೇ ಪ್ಲಾಟ್‌ಫಾರಂ ಅಂದಳೋ.
ಜರ್ಮನ್ನಿನಲ್ಲಿ ಇಪ್ಪತ್ತಮೂರು ಅನ್ನುವುದಿಲ್ಲ,
ಮೂರೂ-ಇಪ್ಪತ್ತು ಅನ್ನುತ್ತಾರೆ,
ಚಿಲ್ಲರೆ ಮೊದಲು ಎಣಿಸಿ ನೋಟು ಆಮೇಲೆ ಕೊಟ್ಟ ಹಾಗೆ.
ನಾನು ನೋಟಿಗೆ ಕಾಯುತ್ತಾ ಚಿಲ್ಲರೆ ಬೀಳಿಸಿಕೊಂಡೆ.

ಒಂಟಿಕೊಪ್ಪಲಿನ ಇಸ್ತ್ರಿ ಅಂಗಡಿಯ ಮಹಡಿ ಮೇಲೆ ಕ್ಲಾಸು.
ನೆಲ ಸದಾ ಬೆಚ್ಚಗೆ.
ಲವೀನಾ ಮೇಡಂ ಅರ್ಜಿ ಹರಡಿ ಕೇಳಿದರು, ಮನೆತನದ ಹೆಸರು?
ಹೇಮಾವತಿ ಟಿ., ಅಂದೆ.
ಟಿ. ಅಂದರೆ?
ತಲಕಾಡು, ಅಂತಾನೆ ಅಪ್ಪ.
ತಿರುಮಲೇಗೌಡ, ನಿನ್ನ ತಾತ ಕಣೇ, ಅಂತಾಳೆ ಸೋದರತ್ತೆ.
ಬರೆದುಕೊಂಡ ಮೇಷ್ಟ್ರು ಈಗಿಲ್ಲ.
ಒಂದು ಅಕ್ಷರ, ಒಂದು ಚುಕ್ಕೆ ಇಟ್ಟುಕೊಂಡು
ಮೂವತ್ತನಾಲ್ಕು ವರ್ಷ ಸಲೀಸಾಗಿ ಬದುಕಿದ್ದೆ.
ನಾಳೆ ಗ್ರಾಟ್ಸ್ ಎಂಬ ಊರಿನಲ್ಲಿ ಯಾರೋ
ಫ್ರಾವ್ ತಲಕಾಡು ಎಂದು ಕರೆದರೆ
ಮರಳಿನ ಅಡಿಯಿಂದ ಯಾರಾದರೂ ಓಗೊಟ್ಟಾರು.

ಆಮೇಲೆ ಆ ಎರಡು ವರ್ಷ.
"ಖಾಲಿ ಬಿಟ್ಟರೆ ಅವರು ಬೆರಳಿಡೋದೇ ಅಲ್ಲಿ."
ಖಾಲಿ ಎಲ್ಲಿತ್ತು?
ಅಪ್ಪನ ಕೈ ಬೆಲ್ಟಿಗೆ ಸಿಕ್ಕಿದ ಮೇಲೆ
ತೊಣಚಿಕೊಪ್ಪಲಿನ ಹಿಟ್ಟಿನ ಗಿರಣಿ ನಾನೇ ನಡೆಸಿದೆ.
ರೆಪ್ಪೆಯ ಮೇಲೆ ಹಿಟ್ಟು, ಸೀನಿದರೆ ಹಿಟ್ಟು.
ಆ ಸದ್ದಿನಲ್ಲಿ ತುಟಿ ನೋಡಿಯೇ ತಿಳಿಯಬೇಕು:
ರಾಗಿ, ನುಣ್ಣಗೆ. ಅಕ್ಕಿ, ತರಿಯಾಗಿ.
ಹಿಂದಿನವರ ಖಾರದಪುಡಿ ಉಳಿದಿಲ್ಲ ತಾನೆ?
ಇದನ್ನು ಯಾವ ಪದದಲ್ಲಿ ಬರೆಯುವುದು?

ಮ್ಯೂಲೆ, ಅಂದರು ಮೇಡಂ. ಗಿರಣಿಗೆ ಮ್ಯೂಲೆ.
ಬಾಯೊಳಗೆ ಈ ಅನ್ನು, ತುಟಿ ಮಾತ್ರ ಊ ಮಾಡು.
ಒಲೆ ಊದುವ ಬಾಯಿ, ಒಳಗೆ ಇಲಿಯ ಸದ್ದು.
ಬರಲಿಲ್ಲ. ಪಕ್ಕದ ಬೆಂಚಿನ ಹುಡುಗ ನಕ್ಕ,
ಅವನಿಗೂ ಬರಲಿಲ್ಲ.

ಆ ಗಿರಣಿ ಅಪ್ಪನ ಕಿವಿಯನ್ನೂ ತಿಂದಿತ್ತು.
ನಾನೇ ಅಚ್ಚು ತೆಗೆದು ಮಾಡಿಸಿದ ಮಷೀನು
ಕನ್ನಡಕದ ಡಬ್ಬಿಯಲ್ಲಿ ಮಲಗಿದೆ.
"ಹಾಕ್ಕೊಂಡ್ರೆ ಪಕ್ಕದ ಮನೆ ಮಿಕ್ಸಿ ಕೇಳುತ್ತೆ, ಅದ್ಯಾಕೆ."
ರಾತ್ರಿ ಎದುರು ಕೂತು ನನ್ನ ಬಾಯಿ ಓದುತ್ತಾನೆ,
ಎಲ್ಲವನ್ನೂ ಕನ್ನಡವೆಂದೇ ಓದುತ್ತಾನೆ.

ಓರ್, ಓರ್, ಅಂತ ಉರು ಹೊಡೆಯುತ್ತಿದ್ದೆ.
ಓರ್ ಅಂದರೆ ಕಿವಿ.
"ಊರಾ?" ಅಂದ. "ಯಾವೂರು?"

ಅಲ್ಲ ಅಂತ ಕಿವಿ ಮುಟ್ಟಿ ತೋರಿಸಿದೆ.
ಅವನಿಗೆ ಬೇರೆಯೇ ಅರ್ಥವಾಯಿತು.
ಗೊಣಗಿಕೊಂಡು ಎದ್ದು, ಡಬ್ಬಿ ತಂದು,
ಮಷೀನು ಸಿಕ್ಕಿಸಿಕೊಂಡ, ಎಡದ್ದನ್ನು ಬಲಕ್ಕೆ.
ನಾನು ತೆಗೆದು ಸರಿಯಾಗಿ ಕೂರಿಸಿದೆ.
ಫೋನಿನಲ್ಲಿ ಹೆಂಗಸು ಕೂಗುತ್ತಲೇ ಇದ್ದಳು,
ರೈಲು ತಡ, ಪ್ಲಾಟ್‌ಫಾರಂ ಬದಲು.

"ಯಾರಮ್ಮಾ ಅದು, ಬೈತಾ ಇದಾಳಾ?"
ರೈಲು ಬರುತ್ತಂತೆ, ಅಂದೆ.
"ಎಲ್ಲಿಗೆ?"
ಅದೇ ತಿಳೀತಿಲ್ಲ.

ಎರಡು ಸಲ ಮುಗಿದಿತ್ತು.
ಅಪ್ಪ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ,
ಬೆರಳಿಲ್ಲದ ಕೈ ಕಿವಿಗೆ ಮರೆಯಾಗಿ ಹಿಡಿದ.
"ಇನ್ನೊಂದ್ಸಲ ಹಾಕು."